ಪರಸ್ಥಳದವನ ಪಾರ್ಟು

ಬಸಗೊಂಡನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದು, ರುಮಾಲು ಸುತ್ತುತ್ತಿರುವಾಗಲೇ ಇಚಲಕರಂಜಿಯಿಂದ ಪ್ರಿಯದರ್ಶನಿ ಮ್ಯಾಡಮ್ ಬಂದಿಳಿದರು. ಮಗಳು ಪೂನಮ ಪಾಠ ಹೇಳುವ ಶಾಲೆಯ ಮುಖ್ಯಾಧ್ಯಾಪಕಿ. ಹಾರ ಹಾಕಲು ಬಗ್ಗಿದವರು ಮುಖ ನೋಡಿ ಹಾಗೇ ನಿಂತರು.

"ಹೇ ತರ ಬೆಳಗಾವಚೇ ಕಲಾಕಾರ!" ಎಂದು ಮರಾಠಿಯಲ್ಲಿ ಉದ್ಗರಿಸಿದರು. ಆ ಬೆಳಗಾವಿಯ ಕಲಾವಿದರೇ ನಿಮ್ಮ ತಂದೆಯೇ, ಹೇಳಲೇ ಇಲ್ಲವಲ್ಲ ಎಂದು ಪೂನಮಳತ್ತ ತಿರುಗಿದರು.

*

ಹೋದ ವರ್ಷ ಗಣರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು ರಾಜ್ಯದ ಕುಣಿತ ಹಂಚಿದ್ದರು. ಪೂನಮಳಿಗೆ ಬಂದದ್ದು ಕರ್ನಾಟಕ. ಮನೆಮಾತು ಕನ್ನಡ ಎಂಬುದನ್ನು ಅವಳು ಮರಾಠಿಗರಲ್ಲೂ ಇರುವ ಪಾಟೀಲ ಎಂಬ ಅಡ್ಡಹೆಸರಿನ ಮರೆಯಲ್ಲಿ ಹನ್ನೊಂದು ವರ್ಷ ಬಚ್ಚಿಟ್ಟಿದ್ದಳು. ಆದರೆ ಸಣ್ಣಾಟದ ಹೆಜ್ಜೆ ಕಲಿಸಲು, ಊರಾಟಗಳಲ್ಲಿ ಪಾರ್ಟು ಮಾಡುತ್ತಿದ್ದ ಅಪ್ಪನನ್ನು ಬಿಟ್ಟರೆ ಯಾರಿದ್ದರು? ಅವನನ್ನೇ ಕರೆದೊಯ್ದು, ಇವರು ಬೆಳಗಾವಿಯ ಕಲಾವಿದರು, ಮರಾಠಿ ಬಾರದು ಎಂದು ಪರಿಚಯಿಸಿ ಕೈತೊಳೆದುಕೊಂಡಳು.

ಗಡಹಿಂಗ್ಲಜ–ಕೊಲ್ಲಾಪುರ ಬಸ್ಸಿನಲ್ಲಿ ಮೂವತ್ತು ವರ್ಷ ಮರಾಠಿಯಲ್ಲೇ ಟಿಕೀಟು ಹರಿದ ಕಂಡಕ್ಟರ್ ಬಸಗೊಂಡ, ಎಂಟು ದಿನ ಮಕ್ಕಳಿಗೆ ಕೈಸನ್ನೆಯಲ್ಲೇ ಕಲಿಸಿದ. ನೀರು ಬೇಕಾದರೂ ಹೆಬ್ಬೆರಳೆತ್ತಿ ತೋರಿಸಿದ.

ಕೊನೆಯ ದಿನ ಬಸ್ಸಿನಲ್ಲಿ ಪೂನಮ ಕೇಳಿದಳು, "ಅಪ್ಪಾ, ಸಿಟ್ಟ ಬಂದೈತೇನ?"

"ಸಿಟ್ಟ್ಯಾಕವಾ? ರಾಜಾನ ಪಾರ್ಟ ಮಾಡೇನಿ, ಗೌಳಗಿತ್ತಿ ಪಾರ್ಟ ಮಾಡೇನಿ. ನಮ್ಮ ಸೀಮ್ಯಾಗ ಇದ್ದಕೊಂಡ ಪರಸ್ಥಳದಾಂವನ ಪಾರ್ಟ ಮಾಡಿದ್ದ ಇದ ಮೊದಲನೇದ."

ನಕ್ಕು ಕಿಟಕಿಯ ಕಡೆ ತಿರುಗಿದವನು ಊರು ಬರುವವರೆಗೂ ಈ ಕಡೆ ನೋಡಲಿಲ್ಲ.

*

ಬೆಳಗಾವಿಯಿಂದ ಇವರನ್ನು ಯಾವಾಗ ಕರೆತಂದಿರಿ ಎಂದು ಮ್ಯಾಡಮ್ ಕೇಳಿದರು. ಅಪ್ಪ ಹುಟ್ಟಿದ್ದೇ ಗಡಹಿಂಗ್ಲಜ ಸೀಮೆಯ ಈ ಮನೆಯಲ್ಲಿ ಎನ್ನಲು ಪೂನಮ ಬಾಯಿ ತೆರೆದಳು. ಹೊರಬಂದದ್ದು "ಮೊನ್ನೆ" ಎಂಬ ಒಂದೇ ಮಾತು. ಸತ್ತ ಮೇಲೂ ಅವನನ್ನು ಹೊರಗಿನವನನ್ನಾಗಿ ಮಾಡಿದೆನಲ್ಲ ಎಂದು ನಾಚಿಕೆಯಿಂದ ಹಿಡಿಯಷ್ಟಾದಳು.

ಮ್ಯಾಡಮ್ ಪೂನಮಳ ತಾಯಿ ಬಾಳಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೈಯಾಡಿಸುತ್ತ, ಬಿಡಿಸಿ ಬಿಡಿಸಿ ಹಿಂದಿಯಲ್ಲಿ ಕೇಳಿದರು: "ಮಾತಾಜಿ, ಆಪಕೋ ಮರಾಠಿ ಸಮಝತೀ ಹೈ?"

ಗಂಡ ಹೋದ ದುಃಖದಲ್ಲೂ ಬಾಳಕ್ಕ ಒಮ್ಮೆ ತಲೆಯೆತ್ತಿದಳು. ಮಗಳ ಬಿಳಿಚಿದ ಮುಖ ನೋಡಿದಳು. ಶಾಲೆಯಲ್ಲಿ ನಡೆದದ್ದನ್ನೆಲ್ಲ ಗಂಡ ಹೇಳಿದ್ದ.

"ನನಗ ಮರಾಠಿ ಬರಂಗಿಲ್ಲರಿ ಬಾಯಾರ," ಎಂದು ತಲೆಯಲ್ಲಾಡಿಸಿದಳು.

ನೆರೆಮನೆಯ ಇಂದುಬಾಯಿ ಬೆಳಗಿನಿಂದಲೂ ಬಾಳಕ್ಕನ ಕೈ ಹಿಡಿದು ಕೂತಿದ್ದಳು. ನಲವತ್ತು ವರ್ಷ ಇಬ್ಬರೂ ಮರಾಠಿಯಲ್ಲೇ ಹರಟಿದವರು, ಮರಾಠಿಯಲ್ಲೇ ಜಗಳಾಡಿದವರು. ಗೆಳತಿಯ ಮಾತು ಕೇಳಿ ಅವಳು ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟು, ಇದೇನು ಎಂಬಂತೆ ಪೂನಮಳ ಕಡೆ ತಿರುಗಿದಳು.