ಮಂಗಳಕ್ಕೆ ಮೊದಲು ಬಿದ್ದ ಚಪ್ಪಾಳೆ

ರಾಜಕುಮಾರಿಯ ಪಾತ್ರಕ್ಕೆ ಅಣ್ಣನನ್ನೇ ಕೂರಿಸುವ ಎಂದದ್ದು ವಾಗ್ದೇವಿಯೇ. ಹಾಗಾಗಿ ಆಮೇಲೆ ಬೇರೆ ಯಾರ ಮೇಲೂ ಗೂಬೆ ಕೂರಿಸುವ ಹಾಗಿರಲಿಲ್ಲ.

ಮಿಜಾರಿನ ಶಾಲೆಯೊಂದರಲ್ಲಿ ಅವಳು ಕನ್ನಡದ ಟೀಚರು, ಶೇಖರ ಶೆಟ್ಟಿ ಚರಿತ್ರೆಯ ಮಾಸ್ಟ್ರು. ಎಪ್ಪತ್ತೊಂಬತ್ತನೇ ಇಸವಿ. ಮದುವೆಯಾಗುವುದೆಂದು ಇಬ್ಬರೂ ತಮ್ಮೊಳಗೇ ತೀರ್ಮಾನಿಸಿಕೊಂಡಿದ್ದರು. ಅಣ್ಣ ಒಪ್ಪುವುದೊಂದು ಬಾಕಿ. ಬ್ರಾಹ್ಮಣರ ಮನೆಯ ಹುಡುಗಿಯನ್ನು ಬಂಟರ ಹುಡುಗ ಕೇಳುವುದೆಂದರೆ ಆಗ ಹುಲಿಯ ಬಾಯಿಗೆ ಕೈ ಹಾಕಿದ ಹಾಗೆ. ಅದರಲ್ಲೂ ಅಣ್ಣ ಮಹಾಲಿಂಗೇಶ್ವರ ಭಟ್ಟರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದ್ಯಕ್ಕೆ ಕೂತಲ್ಲೇ ಮಾತು ಹೊಸೆದು ಎದುರಿನವರ ಬಾಯಿ ಮುಚ್ಚಿಸುವುದರಲ್ಲಿ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಅವರನ್ನು ಮೀರಿಸಿದವರಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನು ಓದಿಸಿದ್ದೂ ಅವರೇ.

ಶೇಖರ ಒಂದು ಹೊಸ ಪ್ರಸಂಗ ಕಟ್ಟಿದ. ಕಾನ್‌ಸ್ಟಾಂಟಿನೋಪಲಿನ ಅರಮನೆಯನ್ನು ಕಾಯಲು ಉತ್ತರದ ಹಿಮದ ನಾಡಿನಿಂದ ಹಡಗೇರಿ ಬಂದ, ಹೆಗಲಿಗೆ ಕೊಡಲಿ ಏರಿಸಿದ ವೈಕಿಂಗ್ ವೀರ. ಅವನಿಗೆ ಒಲಿದ ಅದೇ ಅರಮನೆಯ ರಾಜಕುಮಾರಿ.

“ಕೊನೆಯ ಪದ್ಯದಲ್ಲಿ ರಾಜಕುಮಾರಿ ‘ಒಲಿದೆ’ ಅಂತ ಹೇಳುವುದುಂಟು. ಕಾವಲುಗಾರ ನಾನೇ ಆಗ್ತೇನೆ,” ಎಂದ.

“ಹಾಗಾದ್ರೆ ರಾಜಕುಮಾರಿಗೆ ನಮ್ಮ ಅಣ್ಣನನ್ನೇ ಕೂರಿಸುವ,” ಎಂದಳು ವಾಗ್ದೇವಿ. “ಊರಿನವರ ಎದುರು ಒಪ್ಪಿದವ ಮನೆಯಲ್ಲಿ ಒಪ್ಪದೆ ಇರ್ತಾನಾ? ಕೂಟ ಮುಗಿದ ಸಂಜೆ ಮನೆಗೇ ಬಂದು ಕೇಳಿ.”

ಎಂಥ ಜಾಣತನ! ಅರ್ಥಧಾರಿಯ ತಂಗಿಗೆ ಇಷ್ಟೂ ತಿಳಿಯಬೇಡವೇ?

ಭಾನುವಾರ ಮಧ್ಯಾಹ್ನ ತೋಡಾರಿನ ಒಂದು ಮನೆಯ ಚಾವಡಿಯಲ್ಲಿ ಕೂಟ. ಭಾಗವತ ಸುಬ್ಬಯ್ಯನವರು ಕೊನೆಯ ಪದ್ಯಗಳಿಗೆ ಬಂದರು. ಶೇಖರ ಹೊಸಬ, ಪಂಚೆಯ ಅಂಚನ್ನು ಬೆರಳಿಗೆ ಸುತ್ತುತ್ತಲೇ ಇದ್ದ.

“ಇಷ್ಟು ವರ್ಷ ಹೊಸಿಲಿನ ಹೊರಗೆ ನಿಂತು ನಿಮ್ಮ ನಿದ್ದೆಯನ್ನು ಕಾದವನು ನಾನು. ಒಂದು ದಿನ ಒಳಗೆ ಬರಲೇ ಎಂದು ಕೇಳಿದರೆ ತಪ್ಪೇ, ರಾಜಕುಮಾರಿ?”

ಕೇಳಿದ್ದು ಯಾರನ್ನೆಂದು ಹೆಂಗಸರ ಸಾಲಿನಲ್ಲಿ ಕೂತಿದ್ದ ವಾಗ್ದೇವಿಗೆ ಮಾತ್ರ ಗೊತ್ತು. ಅವಳ ಕಣ್ಣು ತುಂಬಿತು.

ಅಣ್ಣ ಹೆಗಲ ಶಾಲನ್ನು ಸರಿಪಡಿಸಿಕೊಂಡರು. ಅವರು ಶಾಲಿಗೆ ಕೈ ಹಾಕಿದರೆಂದರೆ ಎದುರಿನವನ ಕಥೆ ಮುಗಿಯಿತೆಂದೇ ಲೆಕ್ಕ. ಪದ್ಯದಲ್ಲಿ ಒಲಿದೆ ಎಂದಿದ್ದರೇನಾಯಿತು, ಎದುರಿದ್ದವನಿಗೆ ಸೋತು ಅವರಿಗೆ ರೂಢಿಯಿಲ್ಲ.

“ಒಲಿದದ್ದು ಹೌದಪ್ಪ. ನಿನ್ನ ಕಾವಲಿಗೆ ಒಲಿದೆ, ನಿನಗಲ್ಲ. ಬೇಲಿ ಗಟ್ಟಿಯಾಗಿದೆಯೆಂದು ತೋಟವನ್ನೇ ಬೇಲಿಗೆ ಬರೆದುಕೊಡುವ ಪದ್ಧತಿ ಯಾವ ಸೀಮೆಯಲ್ಲುಂಟು?”

ಚಾವಡಿ ಹಾರಿಹೋಗುವಷ್ಟು ಚಪ್ಪಾಳೆ. ಅದರೊಳಗೆ ವಾಗ್ದೇವಿಯದೂ ಇತ್ತು! ಲಂಗ ತೊಡುವ ಕಾಲದಿಂದ ಆದ ಅಭ್ಯಾಸ, ಅಣ್ಣನ ಮಾತು ಬಿದ್ದರೆ ಅವಳ ಕೈ ತಾನಾಗಿ ಏಳುತ್ತಿತ್ತು. ಕೈಗೆ ಬುದ್ಧಿ ಬರುವಷ್ಟರಲ್ಲಿ ಶೇಖರ ನೋಡಿ ಆಗಿತ್ತು. ಅವನು ಕಣ್ಣು ತಗ್ಗಿಸಿ, “ಉತ್ತರವಿಲ್ಲ, ರಾಜಕುಮಾರಿ,” ಎಂದು ಕೈಮುಗಿದ. ಸುಬ್ಬಯ್ಯನವರು ಗಡಿಬಿಡಿಯಲ್ಲಿ ಮಂಗಳ ಹಾಡಿ ಪ್ರಸಂಗ ಮುಗಿಸಿದರು. ವಾಗ್ದೇವಿ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. 

ಸಂಜೆ ಶೇಖರ ಬರಲಿಲ್ಲ. ಮೂಡುಬಿದಿರೆಯ ಮನೆಯಲ್ಲಿ ಅಣ್ಣ ಕಾಫಿ ಲೋಟ ಹಿಡಿದು ಎಂದಿನಂತೆ ಕೇಳಿದರು, “ಹೇಗಾಯ್ತು? ಬೇಲಿಯ ಮಾತು ಚೆನ್ನಾಗಿ ಬಿತ್ತಲ್ಲ?”

“ಆ ಕಾವಲುಗಾರ ಕೇಳಿದ್ದು ನನ್ನನ್ನು, ಅಣ್ಣ,” ಎಂದು ಶುರುಮಾಡಿ ಅವಳು ಎಲ್ಲವನ್ನೂ ಹೇಳಿದಳು.

“ಅದು ಪಾತ್ರದ ಮಾತು ಮಾರಾಯ್ತಿ, ನನ್ನದಲ್ಲ.”

“ಹಾಗಾದ್ರೆ ನಿನ್ನ ಮಾತು ಹೇಳು.”

ಅಣ್ಣನ ಕೈ ಹೆಗಲಿಗೆ ಹೋಯಿತು, ಅಲ್ಲಿ ಶಾಲಿರಲಿಲ್ಲ. ಕಾಫಿ ಲೋಟವನ್ನು ಕೆಳಗಿಟ್ಟರು.

“ಹುಡುಗ ಹೆದರಿ ಪಂಚೆಯ ಅಂಚು ಸುತ್ತುತ್ತಿದ್ದದ್ದು ನನಗೆ ಕಾಣ್ತಿತ್ತು,” ಎಂದರು ಕೊನೆಗೆ, ನೆಲ ನೋಡುತ್ತ. “ಆದ್ರೂ ಬಿಡ್ಲಿಲ್ಲ ನಾನು. ಜಾತಿಯ ಮಾತು ಊರಿನವರು ಆಡಿಕೊಳ್ಳಲಿ. ಬರಲಿಕ್ಕೆ ಹೇಳು ಅವನಿಗೆ.”

ಮರುದಿನ ಅವಳು ಶಾಲೆಗೆ ಓಡಿದಳೆಂದೇ ಹೇಳಬೇಕು. ಶೇಖರ ಒಬ್ಬನೇ ಕೂತು ಯುರೋಪಿನ ನಕ್ಷೆಯನ್ನು ಸುರುಳಿ ಸುತ್ತುತ್ತಿದ್ದ.

“ಅಣ್ಣ ಒಪ್ಪಿದ. ಸಂಜೆ ಬನ್ನಿ.”

ಅವನು ತಲೆಯೆತ್ತಲಿಲ್ಲ. “ಭಟ್ಟರ ಮಾತಿಗೆ ನನ್ನ ಹತ್ರ ಉತ್ತರ ಇತ್ತು, ಟೀಚರೇ. ನಿಮ್ಮ ಚಪ್ಪಾಳೆ ನೋಡಿದ ಮೇಲೆ ಹೇಳುವ ಅಂತ ಅನಿಸ್ಲಿಲ್ಲ.”

ಇಬ್ಬರೇ ಇರುವಾಗ ಅವನು ಅವಳನ್ನು ಟೀಚರೇ ಎಂದು ಕರೆದದ್ದು ಅದೇ ಮೊದಲು.

“ಈಗ ಹೇಳಿ. ನಾನು ಕೇಳ್ತೇನೆ,” ಎಂದಳು. ಅವಳ ಕೈಗಳು ಮತ್ತೆ ಸೆರಗಿನೊಳಗೆ ಹೋಗಿದ್ದವು.

ಶೇಖರ ನಕ್ಷೆಗೆ ದಾರ ಕಟ್ಟಿ ಎದ್ದ.

“ಮಂಗಳ ಹಾಡಿ ಆಯ್ತಲ್ಲ,” ಎಂದು ಎಂಟನೆಯ ತರಗತಿಗೆ ಪಾಠ ಮಾಡಲು ಹೋದ.