ಕತ್ತಲಲ್ಲಿ ತಡವರಿಸಿದರೆ ಕುಡುಕನೇ?

ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರನ್ನು ಸೀಟಿಗೆ ಕೂರಿಸುವವನಿಗೇ ಕತ್ತಲಲ್ಲಿ ಕಣ್ಣು ಕಾಣದಿದ್ದರೆ? ನಮ್ಮ ಪಕ್ಕದ ಮನೆಯ ಗೇಟ್‌ಕೀಪರ್ ಅಣ್ಣನಿಗೆ ಆಗಿದ್ದು ಅದೇ. ಮೊದಲು ಸೆಲ್ ಬದಲಿಸಿದ, ಆಮೇಲೆ ಬಲ್ಬು. ಕೊನೆಗೆ ಟಾರ್ಚನ್ನೇ ಬದಲಿಸಿದ. ಕಣ್ಣಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಒಂದು ದಿನ ಮಧ್ಯಾಹ್ನದ ಆಟಕ್ಕೆ ಬಂದ ಅಜ್ಜಿಯೊಬ್ಬರ ಕೈಹಿಡಿದು ಕರೆದೊಯ್ಯುತ್ತಿದ್ದವನು ಮೆಟ್ಟಿಲು ತಪ್ಪಿ, ಅವರ ಸಮೇತ ಬಿದ್ದ. ಅಜ್ಜಿಗೆ ಏನೂ ಆಗಲಿಲ್ಲ, ಪುಣ್ಯ. ಆದರೆ "ಹಗಲಲ್ಲೇ ಏರಿಸ್ಕೊಂಡು ಬರ್ತಾನೆ" ಎಂದು ಬೀದಿಯವರು ಆಡಿಕೊಂಡರು. "ಇನ್ನೊಂದು ಸಲ ಹೀಗಾದ್ರೆ ಕೆಲಸಕ್ಕೆ ಬರಬೇಡ" ಎಂದ ಮ್ಯಾನೇಜರ್. ಒಂದು ತೊಟ್ಟೂ ಮುಟ್ಟದ ಮನುಷ್ಯ ಅವನು. ಆಡುವ ಬಾಯಿಗೆ ಬೀಗ ಹಾಕುವವರು ಯಾರು?

ಅವನ ಹೆಂಡತಿ, ನಮ್ಮ ಅತ್ತಿಗೆ, ನರ್ಸ್ ಆಗಿರುವ ತನ್ನ ತಂಗಿಯನ್ನು ಕರೆಸಿದಳು. ತಂಗಿ ಭಾವನನ್ನು ಬೆಳಕಿಗೆ ಕೂರಿಸಿ ನೋಡಿದಳು.

"ಭಾವ, ಕಣ್ಣು ಹಳದಿಯಾಗಿದೆ, ಪಾದ ಊದಿದೆ. ಲಿವರ್ ಪರೀಕ್ಷೆ ಮಾಡಿಸೋಣ."

"ಕಾಣದಿರೋದು ಕಣ್ಣು, ನೀನು ಹೊಟ್ಟೆ ನೋಡ್ತೀಯಾ? ಒಂದು ಕನ್ನಡಕ ಕೊಡಿಸು ಸಾಕು."

"ಮಬ್ಬಲ್ಲಿ ಕಾಣೋಕೆ ವಿಟಮಿನ್ ಎ ಬೇಕು. ಅದನ್ನ ಕೂಡಿಟ್ಟು ಕಣ್ಣಿಗೆ ಕಳಿಸೋದು ಲಿವರ್. ಅದೇ ಹಾಸಿಗೆ ಹಿಡಿದ್ರೆ ಕನ್ನಡಕ ಏನು ಮಾಡುತ್ತೆ?"

"ಹಾಗಾದ್ರೆ ಮಾತ್ರೆ ತಂದ್ಕೊಡು, ನುಂಗ್ತೀನಿ."

"ಅಳತೆ ಮೀರಿದ್ರೆ ಅದೇ ಮಾತ್ರೆ ಲಿವರನ್ನ ಇನ್ನೂ ಕೆಡಿಸುತ್ತೆ. ಮೊದಲು ರಕ್ತ ಪರೀಕ್ಷೆ. ಆಮೇಲೆ ಡಾಕ್ಟರ್ ಹೇಳಿದಷ್ಟೇ."

ಅಣ್ಣ ತಲೆ ತಗ್ಗಿಸಿದ. "ಲಿವರ್ ಅಂದ್ರೆ ಸಾಕು, 'ನೋಡಿ, ಕುಡುಕನೇ' ಅಂತಾರೆ. ನಾನು ಬರಲ್ಲ."

ಅತ್ತಿಗೆಗೆ ಸಿಟ್ಟು ನೆತ್ತಿಗೇರಿತು. "ಅನ್ನಲಿ. ಅವರ ಬಾಯಿಗೆ ಹೆದರಿ ನಿಮ್ಮನ್ನ ಕಳ್ಕೊಳ್ಳೋಕೆ ನಾನು ತಯಾರಿಲ್ಲ. ಹಿಂದಿನ ಗಲ್ಲಿ ಬೇಡ, ನಡುಬೀದೀಲೇ ಹೋಗೋಣ, ಏಳಿ."

ಹೋದರು. ರಕ್ತದಲ್ಲಿ ಸಿಕ್ಕಿದ್ದು ಹೆಪಟೈಟಿಸ್ ಸೋಂಕು. ಯಾವಾಗ ತಗುಲಿತ್ತೋ, ಸದ್ದಿಲ್ಲದೆ ಲಿವರನ್ನು ತಿನ್ನುತ್ತಿತ್ತು. ವಿಟಮಿನ್ ಎ ತಳ ಕಂಡಿತ್ತು. ಚಿಕಿತ್ಸೆ ಶುರುವಾಯಿತು. ಅತ್ತಿಗೆ ಡಾಕ್ಟರ ಚೀಟಿ ಹಿಡಿದು ಮ್ಯಾನೇಜರನ ಎದುರು ನಿಂತಳು. ಗುಣವಾಗುವ ತನಕ ಅಣ್ಣನಿಗೆ ಬೆಳಕಿರುವ ಟಿಕೆಟ್ ಕಿಟಕಿಯಲ್ಲಿ ಕೆಲಸ ಸಿಕ್ಕಿತು. ಈಗ ಮಬ್ಬಿನಲ್ಲೂ ಮೆಟ್ಟಿಲು ನಿಧಾನವಾಗಿ ಕಾಣತೊಡಗಿದೆ.

ಮೊನ್ನೆ ನಮ್ಮ ಬೀದಿಯ ಅಂಗಡಿಯವನು ನಗುತ್ತಾ, "ಲಿವರಂತೆ?" ಎಂದ.

"ಹೌದು, ಲಿವರೇ," ಎಂದ ಅಣ್ಣ, ತಲೆಯೆತ್ತಿ. "ಕುಡಿಯದವರಿಗೂ ಬರುತ್ತೆ. ನೀವೂ ಒಂದ್ಸಲ ತೋರಿಸ್ಕೊಳ್ಳಿ."

ಇದನ್ನು ಓದುತ್ತಿರುವವರೇ, ಮಬ್ಬು ಬೆಳಕಿನಲ್ಲಿ ದಾರಿ ಕಾಣದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣು ಹಳದಿಯಾಗಿ ಕಾಲು, ಹೊಟ್ಟೆ ಊದಿದ್ದರೆ ಲಿವರನ್ನೂ ಪರೀಕ್ಷಿಸಿಕೊಳ್ಳಿ. ನೀವಾಗಿಯೇ ಮಾತ್ರೆ ನುಂಗಬೇಡಿ. ನಗುವವರು ನಗಲಿ. ನಾಳೆ ನೀವು ಗೋಡೆ ಹಿಡಿದು ನಡೆಯುವಾಗ ಅವರಲ್ಲಿ ಒಬ್ಬರೂ ಕೈ ಕೊಡಲು ಬರುವುದಿಲ್ಲ.