ಒಂದೇ ಫ್ಯಾನಿನ ಹೆಲಿಕಾಪ್ಟರ್

ಹೆಲಿಕಾಪ್ಟರ್ ಎರಡಾಳೆತ್ತರ ಏರಿತು, ಬುಗುರಿಯಂತೆ ಗಿರ್ರನೆ ಸುತ್ತಿತು, ಮೂತಿ ಅಡಿಯಾಗಿ ನೆಲಕ್ಕೆ ಅಪ್ಪಳಿಸಿತು. ಕಂಪ್ಯೂಟರ್ ಪರದೆಯ ತುಂಬ ಹೊಗೆ.

"ಮೂವತ್ತೆಂಟು," ಎಂದರು ಅತ್ತೆ, ಬಟಾಣಿ ಸುಲಿಯುತ್ತ. ಬಿದ್ದದ್ದನ್ನು ಎಣಿಸುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದರು.

ಸೊಸೆ ಇಪ್ಪತ್ತೆರಡು ವರ್ಷದಿಂದ ರಿಪೇರಿ ಅಂಗಡಿಯೊಂದರಲ್ಲಿ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದವಳು. ಎರಡು ತಿಂಗಳ ಹಿಂದೆ ಅವಳ ಬಲಗೈ ಯಂತ್ರದ ಬೆಲ್ಟಿಗೆ ಸಿಕ್ಕಿ ಮುರಿದಿತ್ತು. ಬ್ಯಾಂಡೇಜು ಬಿಚ್ಚಿದ ಮೇಲೂ ಹೆಬ್ಬೆರಳು ಮಾತು ಕೇಳುತ್ತಿರಲಿಲ್ಲ. "ಇನ್ನೂ ಸ್ವಲ್ಪ ದಿನ ರೆಸ್ಟ್ ತಗೊಳ್ಳಿ," ಎಂದು ಮಾಲೀಕ ಮೂರು ಸಲ ಹೇಳಿದ್ದ; ಮೂರನೆಯ ಸಲ ಮುಖ ನೋಡದೆ ಹೇಳಿದ್ದ.

ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಾಗ ಅವಳು ಮಗಳ ಆಟಕ್ಕೆ ಕೈ ಹಾಕಿದಳು. ಇಂಜಿನ್, ಗೇರು, ಚಕ್ರ ಜೋಡಿಸಿ ಗಾಡಿ ಕಟ್ಟಿ ಓಡಿಸುವ ಆಟ ಅದು. ಮಗಳು ಕೀಬೋರ್ಡಿನ ಎಲ್ಲ ಕೀಲಿಗಳನ್ನೂ ಎಡಗೈಗೆ ಬದಲಿಸಿಕೊಟ್ಟಳು. ಅವಳ ಕಾಲೇಜಿನ ಬಳಗ ಬರುವ ಭಾನುವಾರಕ್ಕೆ ಒಂದು ಪಂಥ ಇಟ್ಟಿತ್ತು: ತಲೆಯ ಮೇಲೆ ಒಂದೇ ದೊಡ್ಡ ಫ್ಯಾನಿರುವ ಹೆಲಿಕಾಪ್ಟರ್ ಕಟ್ಟಿ, ಸಮುದ್ರದಲ್ಲಿರುವ ದೀಪಸ್ತಂಭ ಸುತ್ತಿ, ಹಡಗಿನ ಮೇಲೆ ಇಳಿಸಬೇಕು.

"ಅಮ್ಮಾ, ಆ ಪಂಥ ಬಿಟ್ಬಿಡು. ಒಂದಕ್ಕೊಂದು ಉಲ್ಟಾ ತಿರುಗೋ ಎರಡು ಫ್ಯಾನ್ ಹಾಕಿದ್ರೆ ತಾನಾಗೇ ನಿಲ್ಲುತ್ತೆ. ಒಂದರಲ್ಲಿ ಆಗಲ್ಲ ಅಂತ ಎಲ್ರೂ ಹೇಳ್ತಾರೆ."

"ಎಲ್ರೂ ಹೇಳೋದನ್ನ ಎರಡು ತಿಂಗಳಿಂದ ಕೇಳ್ತಾನೇ ಇದ್ದೀನಿ."

ಯಾಕೆ ಸುತ್ತುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಬೋಲ್ಟು ಬಿಗಿಯದ ಮೋಟರಿಗೆ ಕರೆಂಟು ಕೊಟ್ಟರೆ ಒಳಗಿನ ದಂಡ ಒಂದು ಕಡೆ ತಿರುಗುತ್ತದೆ, ಹೊರಗಿನ ಮೈ ಇನ್ನೊಂದು ಕಡೆ ಒದೆಯುತ್ತದೆ. ಆ ಒದೆತ ತಡೆಯಲೆಂದೇ ಬಾಲಕ್ಕೆ ಚಿಕ್ಕ ಫ್ಯಾನೊಂದನ್ನು ಅಡ್ಡಲಾಗಿ ಹಾಕಿ, ಅದಕ್ಕೆ ಬೇರೆ ಇಂಜಿನ್ ಕೊಟ್ಟಿದ್ದಳು. ಆದರೂ ವೇಗ ಏರಿಸಿದ ಕೂಡಲೇ ತಲೆ ಗೆಲ್ಲುತ್ತಿತ್ತು, ಬಾಲ ಸೋಲುತ್ತಿತ್ತು.

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ತಲೆಗೊಂದು ಇಂಜಿನ್ನು, ಬಾಲಕ್ಕೊಂದು ಇಂಜಿನ್ನು. ಒಂದೇ ಮನೇಲಿ ಎರಡು ಒಲೆ ಹೂಡಿದ್ರೆ ಜಗಳ ಆಗ್ದೆ ಇನ್ನೇನಾಗುತ್ತೆ?"

ಸೊಸೆಯ ಕೈ ನಿಂತಿತು. "ಅತ್ತೆ, ಇನ್ನೊಂದ್ ಸಲ ಹೇಳಿ."

"ಒಂದ್ ಸಲ ಹೇಳಿದ್ದೇ ಹೆಚ್ಚಾಯ್ತು ಅಂದ್ಕೊಂಡೆ."

ಬಾಲದ ಇಂಜಿನ್ ಕಿತ್ತಳು. ಉಳಿದ ಒಂದೇ ಇಂಜಿನ್ನಿನಿಂದ ಬಾಲದವರೆಗೆ ಉದ್ದನೆಯ ದಂಡ ಎಳೆದು ಗೇರು ಕೂರಿಸಿದಳು. ಈಗ ತಲೆ ಏರಿದರೆ ಬಾಲವೂ ಏರಲೇಬೇಕು. ಮೂವತ್ತೊಂಬತ್ತನೆಯದು ಬಿದ್ದರೂ ಮೆಲ್ಲಗೆ ಸುತ್ತಿ ಬಿತ್ತು. ಗೇರಿನ ಹಲ್ಲು ಬದಲಿಸಿದಳು. ನಲವತ್ತಮೂರನೆಯದು ಸುತ್ತಲಿಲ್ಲ, ಆದರೆ ಏಡಿಯಂತೆ ಪಕ್ಕಕ್ಕೆ ಸರಿಯಿತು. ದೊಡ್ಡ ಫ್ಯಾನನ್ನು ಕೂದಲೆಳೆಯಷ್ಟು ಎದುರು ಪಕ್ಕಕ್ಕೆ ವಾಲಿಸಿದಳು. ಮೂತಿ ಕುಸಿದಾಗ ಇಂಜಿನ್ನನ್ನು ಹಿಂದಕ್ಕೆ ಸರಿಸಿ ಫ್ಯಾನಿನ ನೇರ ಕೆಳಗಿಟ್ಟಳು. ಐವತ್ತೊಂದನೆಯದು ಏರಿತು. ಅವಳು ಕೀಲಿಗಳಿಂದ ಕೈ ತೆಗೆದಳು. ಅದು ಗಾಳಿಯಲ್ಲಿ ಹಾಗೇ ನಿಂತಿತ್ತು.

"ಯಾಕೆ ಬೀಳ್ತಿಲ್ಲ ಇದು?" ಎಂದರು ಅತ್ತೆ, ಎಣಿಕೆ ತಪ್ಪಿದವರಂತೆ.

ಭಾನುವಾರ ಮಧ್ಯಾಹ್ನ ಸ್ಪೀಕರಿನಲ್ಲಿ ಮಗಳ ಬಳಗದ ಗದ್ದಲ. ಎಂಟು ಹೆಲಿಕಾಪ್ಟರುಗಳು ಆಗಲೇ ನೀರು ಪಾಲಾಗಿದ್ದವು. "ಆಂಟಿ, ಈಜು ಬರುತ್ತಾ?" ಎಂದು ಯಾರೋ ಕಿಚಾಯಿಸಿದರು.

ಅವಳು ವೇಗದ ಕೀಲಿ ಒತ್ತಿದಳು. ಹೆಲಿಕಾಪ್ಟರ್ ನೇರ ಏರಿತು, ನೀರಿನ ಮೇಲೆ ಸಾಗಿತು. ದೀಪಸ್ತಂಭದ ಬಳಿ ಗಾಳಿ ಪಕ್ಕಕ್ಕೆ ತಳ್ಳಿತು; ಅವಳು ಎರಡು ಬೆರಳಲ್ಲಿ ಮೆತ್ತಗೆ ತಿದ್ದಿದಳು. ಸ್ಪೀಕರಿನ ನಗು ನಿಂತಿತು. ಕೆಳಗೆ ಹಡಗು ಅಲೆಗೆ ಏರಿಳಿಯುತ್ತಿತ್ತು. ಒಂದು ಅಲೆ ಹೋಗಗೊಟ್ಟಳು, ಇನ್ನೊಂದನ್ನೂ. ಮೂರನೆಯ ಅಲೆಗೆ ಹಡಗಿನ ಡೆಕ್ಕು ಮೇಲೆದ್ದು ಬಂದಾಗ ವೇಗ ಇಳಿಸಿದಳು. ಗಾಲಿಗಳು ಒಮ್ಮೆ ಕುಪ್ಪಳಿಸಿ ಕೂತವು.

ಸ್ಪೀಕರ್ ಹರಿದುಹೋಗುವಂತೆ ಕೂಗು. ಮಗಳು ಕುರ್ಚಿ ಸಮೇತ ಅಮ್ಮನನ್ನು ಅಪ್ಪಿಕೊಂಡಳು. "ಆಂಟಿ, ಆ ಗೇರಿನ ಲೆಕ್ಕ ನಮಗೂ ಹೇಳ್ಕೊಡ್ತೀರಾ?" ಎಂದು ಕೇಳಿದ್ದು ಕಿಚಾಯಿಸಿದ ದನಿಯೇ.

"ಸಂಜೆ ಹೇಳ್ಕೊಡ್ತೀನಿ. ನಾಳೆಯಿಂದ ನಂಗೆ ಅಂಗಡಿ ಇದೆ."

ಮಗಳು ತಿರುಗಿ ನೋಡಿದಳು. "ಕೈ?"

"ಎಡಗೈ ಕಲೀತಲ್ಲ. ಬಲಗೈ ಸರಿಹೋಗೋ ತನಕ ಅದೇ ತಂತಿ ಸುತ್ತುತ್ತೆ."

ಪರದೆಯ ಮೇಲೆ ಫ್ಯಾನು ನಿಧಾನವಾಗಿ ನಿಲ್ಲುತ್ತಿತ್ತು. ಅದು ಪೂರ್ತಿ ನಿಂತಾಗ, ಆಟದೊಳಗಿನ ಬಿಳಿ ಹಕ್ಕಿಯೊಂದು ಎಲ್ಲಿಂದಲೋ ಬಂದು ಅದರ ತುದಿಯಲ್ಲಿ ಕೂತು, ರೆಕ್ಕೆ ಮಡಚಿಕೊಂಡಿತು.